ಮನೆಯ ಕಾಯಿಲೆಯ ನಕ್ಷೆ: ತವರಿನ ಕಡೆಯಿಂದ ಶುರು ಮಾಡಿ

ನನ್ನ ಮಗನಿಗೆ ಹಿಮೋಫಿಲಿಯಾ. ಅಂಬೆಗಾಲಿಡುವಾಗಲೇ ಮೊಣಕಾಲು ಊದಿಕೊಂಡಿತ್ತು. ಉಳುಕು ಅಂತ ಒಬ್ಬ ಡಾಕ್ಟರು ಪಟ್ಟಿ ಸುತ್ತಿ ಕಳಿಸಿದರು. ಆಮೇಲೆ ಇನ್ನೊಂದು ಕಡೆ ರಕ್ತ ಪರೀಕ್ಷೆ ಮಾಡಿಸಿದಾಗ ಗೊತ್ತಾಯಿತು, ರಕ್ತ ಹೆಪ್ಪುಗಟ್ಟಲು ಬೇಕಾದ ಫ್ಯಾಕ್ಟರ್ 8 ಅವನಲ್ಲಿ ತೀರಾ ಕಡಿಮೆ. "ಮನೆತನದಲ್ಲಿ ಯಾರಿಗಾದರೂ ಇತ್ತಾ?" ಅಂತ ಕೇಳಿದರು. ನಮ್ಮ ಯಜಮಾನರು ಅವರ ಕಡೆಯ ಐದು ತಲೆಮಾರು ಪಟಪಟ ಹೇಳಿದರು, ಎಲ್ಲ ಗಂಡಸರ ಹೆಸರೇ. ಒಂದೂ ಉಪಯೋಗಕ್ಕೆ ಬರಲಿಲ್ಲ.

ದಾವಣಗೆರೆಯಲ್ಲೇ ಹಿಮೋಫಿಲಿಯಾ ಸೊಸೈಟಿ ಇದೆ. ಅಲ್ಲಿ ಸಿಗುವ ತಾಯಂದಿರು, ಮನೆತನದಲ್ಲಿ ಯಾರಿಗೆಲ್ಲ ಕಾಯಿಲೆ ಇತ್ತು ಅಂತ ತೋರಿಸುವ ವಂಶದ ನಕ್ಷೆ ಬರೆಯೋದು ಹೇಗೆ ಅಂತ ಕೇಳುತ್ತಿರುತ್ತಾರೆ. ಅದಕ್ಕೇ ಇದು.

ದೊಡ್ಡ ಹಾಳೆ ಬೇಕು. ನಾನು ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದೆ. ಗಂಡಸಿಗೆ ಚೌಕ, ಹೆಂಗಸಿಗೆ ಸೊನ್ನೆ. (ಸೊನ್ನೆ ಅಂದ ಮಾತ್ರಕ್ಕೆ ಲೆಕ್ಕಕ್ಕಿಲ್ಲ ಅಂತಲ್ಲ!) ಕಾಯಿಲೆ ಇದ್ದವರ ಗುರುತನ್ನು ಪೆನ್ಸಿಲಿನಿಂದ ತುಂಬಿ. ತೀರಿಕೊಂಡವರಿಗೆ ಓರೆ ಗೆರೆ. ಗಂಡ ಹೆಂಡತಿ ನಡುವೆ ಒಂದು ಅಡ್ಡಗೆರೆ, ಸಂಬಂಧದೊಳಗೇ ಮದುವೆಯಾಗಿದ್ದರೆ ಎರಡು. ಮಕ್ಕಳು ಕೆಳಗಿನ ಸಾಲಿಗೆ.

ಕಷ್ಟ ಇರೋದು ಕೇಳೋದರಲ್ಲಿ. "ಕಾಯಿಲೆ ಇತ್ತಾ?" ಅಂದರೆ ಯಾರೂ ಬಾಯಿ ಬಿಡಲ್ಲ, ಮನೆಯಲ್ಲಿ ಮದುವೆಗೆ ಬಂದ ಹುಡುಗಿಯರಿರುತ್ತಾರೆ. ಹೊಳಲ್ಕೆರೆ ದೊಡ್ಡಮ್ಮನ ಜೊತೆ ಅವರೆಕಾಯಿ ಸುಲಿಯುತ್ತಾ ಸುಮ್ನೆ ಮಾತು ತೆಗೆದೆ. "ದೊಡ್ಡಮ್ಮ, ಹಲ್ಲು ಬಿದ್ದು ರಕ್ತ ನಿಲ್ಲದೆ ಒದ್ದಾಡಿದವರು ನಮ್ಮಲ್ಲಿ ಯಾರಾದರೂ ಇದ್ದರಾ?" ಕೈ ನಿಂತಿತು. "ನಿಮ್ಮಮ್ಮನಿಗಿಂತ ದೊಡ್ಡವನು ಒಬ್ಬ ಇದ್ದನಲ್ಲೇ. ಮೂರು ದಿನ ಸುರೀತು. ಎಲ್ಲರೂ ದೃಷ್ಟಿ ಅಂದರು."

ನನಗೊಬ್ಬ ಸೋದರಮಾವ ಇದ್ದ ಅನ್ನೋದೇ ನನಗೆ ಗೊತ್ತಿರಲಿಲ್ಲ. ಎಳೆಯ ವಯಸ್ಸಲ್ಲಿ ಹೋದವರ ಫೋಟೋ ಗೋಡೆ ಮೇಲಿರಲ್ಲ. ಅವರನ್ನೂ ಬರೆಯಿರಿ.

ಈಗ ನಕ್ಷೆ ನೋಡಿ. ತುಂಬಿದ ಗುರುತೆಲ್ಲ ಹೆಚ್ಚುಕಡಿಮೆ ಚೌಕವೇ ಆಗಿದ್ದು, ಹೆಂಗಸರ ಮೂಲಕವೇ ಇಳಿದು ಬಂದಿದ್ದರೆ ದೋಷ ಎಕ್ಸ್ ಕ್ರೋಮೋಸೋಮಿನಲ್ಲಿರಬಹುದು. ಹೆಂಗಸಿಗೆ ಎರಡು ಎಕ್ಸ್, ಗಂಡಸಿಗೆ ಒಂದು ಎಕ್ಸ್, ಒಂದು ವೈ. ಅಪ್ಪನಿಂದ ಮಗನಿಗೆ ಹೋಗೋದು ವೈ, ಹಾಗಾಗಿ ಈ ದೋಷ ಅಪ್ಪನಿಂದ ಮಗನಿಗೆ ಬರಲ್ಲ. ಆದರೆ ಕಾಯಿಲೆ ಇರುವ ಅಪ್ಪನ ಹೆಣ್ಣುಮಕ್ಕಳೆಲ್ಲರೂ ವಾಹಕರೇ, ಅಂದರೆ ದೋಷ ಹೊತ್ತಿದ್ದು ಮಕ್ಕಳಿಗೆ ದಾಟಿಸಬಲ್ಲವರು. ವಾಹಕ ತಾಯಿಗೆ ಪ್ರತಿ ಗಂಡುಮಗುವಿಗೂ ಕಾಯಿಲೆ ಬರುವ ಸಾಧ್ಯತೆ ಶೇ 50. ಮೊದಲನೆಯವನಿಗೆ ಬಂತು, ಎರಡನೆಯವನಿಗೆ ಬರಲ್ಲ ಅನ್ನೋ ಲೆಕ್ಕ ಇಲ್ಲಿ ನಡೆಯಲ್ಲ. ಪ್ರತಿ ಸಲವೂ ಹೊಸದಾಗಿ ನಾಣ್ಯ ಚಿಮ್ಮಿದ ಹಾಗೆ. ಸುಮಾರು ಮೂರರಲ್ಲೊಂದು ಕುಟುಂಬದಲ್ಲಿ ಹಿಂದೆ ಯಾರಿಗೂ ಇರೋದೇ ಇಲ್ಲ, ಹೊಸದಾಗಿ ಶುರುವಾಗಿರುತ್ತೆ. ಹಾಗಾಗಿ ನಕ್ಷೆ ಖಾಲಿ ಬಂದರೆ ಗಾಬರಿ ಬೇಡ.

ಎರಡು ಗೆರೆಯ ಮದುವೆಗಳನ್ನು ಎರಡು ಸಲ ನೋಡಿ. ಸೋದರಮಾವನಿಗೂ ಅಕ್ಕನ ಮಗಳಿಗೂ ಸರಾಸರಿ ಕಾಲುಭಾಗ ಜೀನ್ ಒಂದೇ. ಕಾಯಿಲೆ ಇರುವ ಸೋದರಮಾವ ವಾಹಕಳಾದ ಅಕ್ಕನ ಮಗಳನ್ನೇ ಮದುವೆಯಾದರೆ ಹೆಣ್ಣುಮಗುವಿಗೂ ಹಿಮೋಫಿಲಿಯಾ ಬರಬಹುದು. ತಲಸ್ಸೀಮಿಯಾದಂಥ ಕಾಯಿಲೆಗಳು ಬೇರೆ ಥರ. ಅಪ್ಪ ಅಮ್ಮ ಇಬ್ಬರೂ ಆರಾಮಾಗಿರುತ್ತಾರೆ, ಆದರೂ ಇಬ್ಬರೂ ವಾಹಕರಾಗಿದ್ದರೆ ಪ್ರತಿ ಮಗುವಿಗೂ ಶೇ 25 ಅಪಾಯ, ಗಂಡಾಗಲಿ ಹೆಣ್ಣಾಗಲಿ. ಯಾವ ತಲೆಮಾರನ್ನೂ ಬಿಡದೆ, ಅಪ್ಪನಿಂದ ಮಗನಿಗೂ ಇಳಿದಿದ್ದರೆ ಅದು ಪ್ರಬಲ ಜೀನಿನ ದಾರಿ. ಒಬ್ಬರಿಗಿದ್ದರೆ ಸಾಕು, ಮಕ್ಕಳಿಗೆ ಶೇ 50.

ನಕ್ಷೆ ನೋಡಿ ನೀವೇ ತೀರ್ಪು ಕೊಡಬೇಡಿ, ಜೆನೆಟಿಕ್ ಕೌನ್ಸೆಲಿಂಗ್ (ವಂಶದಲ್ಲಿ ಬರುವ ಕಾಯಿಲೆಗಳ ಬಗ್ಗೆ ಸಲಹೆ) ಮಾಡುವವರಿಗೆ ತೋರಿಸಿ. ವಾಹಕ ಹೆಂಗಸರಿಗೂ ಹೆರಿಗೆಯಲ್ಲಿ ರಕ್ತಸ್ರಾವ ಜಾಸ್ತಿ ಆಗಬಹುದು, ಡಾಕ್ಟರಿಗೆ ಮೊದಲೇ ಹೇಳಿ.

ನನ್ನ ಕ್ಯಾಲೆಂಡರಿನಲ್ಲಿ ಅಜ್ಜಿ, ಅಮ್ಮ, ನಾನು, ಮೂವರ ಸೊನ್ನೆಯೊಳಗೂ ವಾಹಕರ ಚುಕ್ಕಿ ಬಿದ್ದಿದೆ. ತಂಗಿಯದರಲ್ಲಿ ಪ್ರಶ್ನೆ ಚಿಹ್ನೆ, ಪೆನ್ಸಿಲಿನಲ್ಲಿ. ಅವಳ ಮದುವೆ ಮಾತುಕತೆ ನಡೀತಿದೆ, ಪರೀಕ್ಷೆಗೆ ಸೋಮವಾರ ಹೋಗೋಣ ಅಂದಿದ್ದಾಳೆ.