ಹಳೇ ಕಾರನ್ನೇ ಪ್ರಯೋಗದ ಕಾರು ಮಾಡುವುದು ಹೇಗೆ?

ನಮ್ಮ ಜಿಲ್ಲೆಯಲ್ಲಿ ಕಾಲೇಜು ಹುಡುಗರ ಪ್ರಾಜೆಕ್ಟ್ ಪ್ರದರ್ಶನ ಎಲ್ಲೇ ಇರಲಿ, ಒಂದು ಕಾರಂತೂ ಇದ್ದೇ ಇರುತ್ತದೆ. ಗುಜರಿಗೆ ಹೋಗಬೇಕಿದ್ದ ಕಾರು, ನೆತ್ತಿಯ ಮೇಲೆ ಕಬ್ಬಿಣದ ಆ್ಯಂಗಲ್, ಅದರ ಮೇಲೆ ಸೋಲಾರ್ ಪ್ಯಾನೆಲ್, ಪಕ್ಕದಲ್ಲಿ ‘ಭವಿಷ್ಯದ ಕಾರು’ ಅಂತ ಫ್ಲೆಕ್ಸ್. ಶಿರಸಿಯಲ್ಲಿ ನೋಡಿದ್ದೇನೆ, ಕಾರವಾರದಲ್ಲೂ ನೋಡಿದ್ದೇನೆ. ಹುಡುಗರಿಗೆ ನಾನು ಕೇಳುವುದು ಒಂದೇ ಪ್ರಶ್ನೆ. ಪ್ಯಾನೆಲ್ ಕೂರಿಸುವ ಮೊದಲು ಈ ಕಾರಿಗೆ ಗಾಳಿಯ ತಡೆ ಎಷ್ಟಿತ್ತು, ಈಗ ಎಷ್ಟಾಗಿದೆ? ಒಬ್ಬರೂ ಅಳೆದಿರುವುದಿಲ್ಲ. ಪ್ಯಾನೆಲ್ ಕೊಡುವ ಕರೆಂಟಿಗಿಂತ ಆ ಆ್ಯಂಗಲ್ ತಿನ್ನುವುದೇ ಜಾಸ್ತಿ ಇರಬಹುದು. ಗೊತ್ತಾಗುವುದು ಹೇಗೆ?

ಕಂಪನಿಗಳು ಪ್ರಯೋಗದ ಕಾರು ಕಟ್ಟುವುದು ಇಂಥ ಪ್ರಶ್ನೆಗೆ ಉತ್ತರ ಹುಡುಕಲು, ಶೋರೂಮಿನಲ್ಲಿ ನಿಲ್ಲಿಸಲು ಅಲ್ಲ. 1987ರಲ್ಲಿ ಜನರಲ್ ಮೋಟರ್ಸ್‌ನ ಸನ್‌ರೇಸರ್ ಆಸ್ಟ್ರೇಲಿಯಾದ ಡಾರ್ವಿನ್‌ನಿಂದ ಅಡಿಲೇಡ್‌ವರೆಗೆ ಸುಮಾರು 3000 ಕಿ.ಮೀ. ಬರೀ ಬಿಸಿಲಿನಲ್ಲಿ ಓಡಿ ಸೋಲಾರ್ ಕಾರುಗಳ ರೇಸ್ ಗೆದ್ದಿತು. ಸರಾಸರಿ ವೇಗ ಗಂಟೆಗೆ 67 ಕಿ.ಮೀ. ಬಿಸಿಲಿನಿಂದ ಸಿಗುತ್ತಿದ್ದ ಕರೆಂಟು ಒಂದೆರಡು ಇಸ್ತ್ರಿಪೆಟ್ಟಿಗೆಗೆ ಸಾಲುವಷ್ಟು. ಹಾಗಾಗಿ ಗಾಳಿಯ ತಡೆಯನ್ನು ಗ್ರಾಂ ಲೆಕ್ಕದಲ್ಲಿ ಕಡಿಮೆ ಮಾಡದೆ ಗತಿ ಇರಲಿಲ್ಲ. ಆ ಕಾರು ಯಾರ ಮನೆಗೂ ಬರಲಿಲ್ಲ. ಆದರೆ ಅಲ್ಲಿ ಕಲಿತದ್ದರಿಂದ 1990ರಲ್ಲಿ ಇಂಪ್ಯಾಕ್ಟ್ ಎಂಬ ಬ್ಯಾಟರಿ ಕಾರು ಬಂತು, ಅದರಿಂದ 1996ರಲ್ಲಿ ಇವಿ1 ಬಂತು.

ಉತ್ತರ ‘ಬೇಡ’ ಅಂತ ಬಂದರೂ ಅದು ಉತ್ತರವೇ. ಕ್ರೈಸ್ಲರ್ ಕಂಪನಿ 1963ರಿಂದ ಜೆಟ್ ವಿಮಾನದಂಥ ಟರ್ಬೈನ್ ಎಂಜಿನ್ನಿನ 50 ಕಾರುಗಳನ್ನು ಸರದಿಯ ಮೇಲೆ 203 ಮಂದಿಗೆ ಓಡಿಸಲು ಕೊಟ್ಟಿತು. ಇಂಧನ ಜಾಸ್ತಿ ಕುಡಿಯುತ್ತದೆ ಅಂತ ಗೊತ್ತಾಯಿತು, ಕೈಬಿಟ್ಟರು. ಮರ್ಸಿಡಿಸ್‌ನ ಸಿ111 ಕಾರು 1969ರಲ್ಲಿ ವಾಂಕೆಲ್ ಎಂಜಿನ್ನಿಗಾಗಿ (ಪಿಸ್ಟನ್ ಬದಲು ತಿರುಗುವ ರೋಟರ್ ಇರುವುದು) ಹುಟ್ಟಿತು. ಆ ಎಂಜಿನ್ನೂ ಹೊಟ್ಟೆಬಾಕ. ಅದನ್ನು ತೆಗೆದು ಟರ್ಬೊ ಡೀಸೆಲ್ ಕೂರಿಸಿ 1978ರಲ್ಲಿ ಇಟಲಿಯ ನಾರ್ಡೊ ಟ್ರ್ಯಾಕಿನಲ್ಲಿ 300 ಕಿ.ಮೀ. ವೇಗ ದಾಟಿಸಿದರು. ಡೀಸೆಲ್ ಅಂದರೆ ಲಾರಿ ಅಂದುಕೊಂಡಿದ್ದವರ ಬಾಯಿ ಮುಚ್ಚಿತು.

ಇವರೆಲ್ಲ ಬಳಸುವ ಅಳತೆಗಳಲ್ಲಿ ಒಂದನ್ನು ನೀವೂ ಮಾಡಬಹುದು. ಹೆಸರು ಕೋಸ್ಟ್‌ಡೌನ್. ಕಾರನ್ನು ವೇಗಕ್ಕೆ ತಂದು ನ್ಯೂಟ್ರಲ್‌ಗೆ ಹಾಕಿ ತಾನಾಗಿ ನಿಧಾನವಾಗಲು ಬಿಡುವುದು, ಎಷ್ಟು ಸೆಕೆಂಡಿನಲ್ಲಿ ಎಷ್ಟು ವೇಗ ಇಳಿಯಿತು ಅಂತ ಬರೆದಿಡುವುದು. ಅಷ್ಟೇ. ಕಂಪನಿಗಳು ಇದಕ್ಕೆ ಉದ್ದದ ಟ್ರ್ಯಾಕ್ ಹುಡುಕುತ್ತವೆ. ನಮ್ಮ ದೇಶದಲ್ಲಿ ಇಂದೋರ್ ಹತ್ತಿರ ಪೀತಂಪುರದಲ್ಲಿ ವಾಹನ ಪರೀಕ್ಷಾ ಕೇಂದ್ರ ನ್ಯಾಟ್ರ್ಯಾಕ್ಸ್‌ನ 11.3 ಕಿ.ಮೀ. ಉದ್ದದ ಟ್ರ್ಯಾಕ್ 2021ರಲ್ಲಿ ಶುರುವಾಯಿತು. ಟ್ರ್ಯಾಕಿನಲ್ಲಿ ಸಿಕ್ಕ ಅಂಕಿಯನ್ನು ಲ್ಯಾಬಿನ ರೋಲರ್ ಯಂತ್ರಕ್ಕೆ ಕೊಟ್ಟು, ಅದರ ಮೇಲೆ ಕಾರು ಓಡಿಸಿ ಮೈಲೇಜ್ ಲೆಕ್ಕ ಹಾಕುತ್ತಾರೆ. ಜಾಹೀರಾತಿನ ಮೈಲೇಜಿನ ಹಿಂದೆ ಈ ನ್ಯೂಟ್ರಲ್ ಓಟ ಇದೆ.

ಹಂತ 1: ಒಂದೇ ಒಂದು ಪ್ರಶ್ನೆ

ನಮ್ಮ ಪ್ರಶ್ನೆ ಇದಾಗಿತ್ತು: ಮೇಲಿನ ಕ್ಯಾರಿಯರ್ ಖಾಲಿ ಇದ್ದಾಗಲೂ ಪೆಟ್ರೋಲ್ ತಿನ್ನುತ್ತದೆಯೇ? ಘಟ್ಟದ ಮೇಲಿನ ಅಡಿಕೆ ಬೆಳೆಗಾರರ ಎಷ್ಟೋ ಗಾಡಿಗಳಲ್ಲಿ ಇದು ವರ್ಷವಿಡೀ ಇರುತ್ತದೆ. ಟೈರ್, ಕ್ಯಾರಿಯರ್, ಕಿಟಕಿ ಎಲ್ಲವನ್ನೂ ಒಂದೇ ದಿನ ಬದಲಿಸಬೇಡಿ. ಯಾವುದರಿಂದ ಏನಾಯಿತು ಅಂತ ದೇವರಿಗೂ ಗೊತ್ತಾಗುವುದಿಲ್ಲ.

ಹಂತ 2: ಕಾರು ತಯಾರಿ

ಲಾರಿ ತೂಗುವ ವೇಬ್ರಿಡ್ಜ್‌ನಲ್ಲಿ ಕಾರನ್ನು ತೂಗಿಸಿ. ಪರೀಕ್ಷೆಯ ದಿನ ಕೂರುವವರೇ ಕೂತಿರಬೇಕು.

ಟೈರಿಗೆ ಗಾಳಿ ಬೆಳಗ್ಗೆ ತಣ್ಣಗಿದ್ದಾಗಲೇ ಹಿಡಿಸಿ. ಇಲ್ಲೊಂದು ಮಾತು. ಒಂದೇ ಟೈರನ್ನು ಎರಡು ಪೆಟ್ರೋಲ್ ಬಂಕಿನಲ್ಲಿ ತೋರಿಸಿದೆ, ಒಬ್ಬರ ಗೇಜು 29 ಅಂದಿತು, ಇನ್ನೊಬ್ಬರದು 33. ಒಂದು ಸ್ವಂತ ಗೇಜು ಇಟ್ಟುಕೊಳ್ಳಿ. ಪೆನ್ನಿನಂಥದ್ದು ಬೇಡ, ಮುಳ್ಳು ಇರುವ ಡಯಲ್ ಗೇಜು ತನ್ನಿ. ಅದು ತಪ್ಪೇ ತೋರಿಸಿದರೂ ದಿನಾ ಒಂದೇ ತಪ್ಪು ತೋರಿಸುತ್ತದೆ, ನಮ್ಮ ಕೆಲಸಕ್ಕೆ ಅಷ್ಟು ಸಾಕು.

ಆಮೇಲೆ ಜ್ಯಾಕ್ ಕೊಟ್ಟು ನಾಲ್ಕೂ ಚಕ್ರಗಳನ್ನು ಒಂದೊಂದಾಗಿ ಕೈಯಲ್ಲಿ ತಿರುಗಿಸಿ. ಕರಾವಳಿಯವರು ಇದನ್ನು ಬಿಡಲೇಬಾರದು. ಉಪ್ಪು ಗಾಳಿಗೆ ಬ್ರೇಕ್ ಕ್ಯಾಲಿಪರ್‌ನ (ಪ್ಯಾಡನ್ನು ಒತ್ತಿ ಹಿಡಿಯುವ ಭಾಗ) ಪಿನ್ ತುಕ್ಕು ಹಿಡಿದು, ಪೆಡಲ್ ಬಿಟ್ಟ ಮೇಲೂ ಪ್ಯಾಡ್ ಉಜ್ಜುತ್ತಲೇ ಇರುತ್ತದೆ. ಮೊದಲ ಸಲ ನಮ್ಮ ಕಾರಿನ ವೇಗ 30ರಿಂದ 20ಕ್ಕೆ 11 ಸೆಕೆಂಡಿನಲ್ಲೇ ಇಳಿದುಬಿಟ್ಟಿತ್ತು. ಅಕ್ಕನ ಮಗ "ಮಾವ, ಕ್ಯಾರಿಯರ್ ಇಷ್ಟೆಲ್ಲ ಎಳೀತದಾ?" ಅಂದ. ಕ್ಯಾರಿಯರ್ ಅಲ್ಲ, ಎಡಗಡೆಯ ಮುಂದಿನ ಬ್ರೇಕು. ಪಿನ್ ಬಿಚ್ಚಿ ಗ್ರೀಸ್ ಹಚ್ಚಿಸಿದ ಮೇಲೆ 20 ಸೆಕೆಂಡ್ ಆಯಿತು. ಪರೀಕ್ಷೆ ಶುರುವಾಗುವ ಮೊದಲೇ ಪೆಟ್ರೋಲ್ ಉಳಿಯಿತು.

ಹಂತ 3: ಜಾಗ ಮತ್ತು ಹೊತ್ತು

ಹೆಚ್ಚಿನವರು ಕೆಡುವುದು ಇಲ್ಲೇ. ಕಣ್ಣಿಗೆ ಸಪಾಟಾಗಿ ಕಾಣುವ ರಸ್ತೆ ಸಪಾಟಾಗಿರುವುದಿಲ್ಲ. ನೂರು ಮೀಟರಿಗೆ ಒಂದೇ ಮೀಟರ್ ಇಳಿಜಾರು ಅಂದುಕೊಳ್ಳಿ. ಸಾವಿರ ಕಿಲೋದ ಹತ್ತಿರದ ಕಾರನ್ನು ಅದು ಸುಮಾರು 95 ನ್ಯೂಟನ್ ಬಲದಲ್ಲಿ ತಳ್ಳುತ್ತದೆ. ಅದೇ ಕಾರಿನ ಟೈರುಗಳ ತಡೆ ಒಟ್ಟು 120 ನ್ಯೂಟನ್ ಆಸುಪಾಸು. ಅಂದರೆ ಗೊತ್ತೇ ಆಗದ ಇಳಿಜಾರು ನಿಮ್ಮ ಲೆಕ್ಕವನ್ನು ನುಂಗಿಬಿಡುತ್ತದೆ.

ಅದಕ್ಕೇ ನನ್ನ ಆಯ್ಕೆ ಗಜನಿ ಬದಿಯ ರಸ್ತೆ. ಅಂಕೋಲಾ, ಕುಮಟಾ ಕಡೆ ಭರತದ ನೀರು ನುಗ್ಗುವ ಗದ್ದೆಗಳಿವೆಯಲ್ಲ, ಅವುಗಳ ಅಂಚಿನಲ್ಲಿ ನೇರವಾದ ಹಳ್ಳಿ ರಸ್ತೆ ಸಿಗುತ್ತದೆ. ಗದ್ದೆಯಲ್ಲಿ ನಿಂತ ನೀರೇ ಮಟ್ಟಗೋಲು. ನೀರಿಗೂ ರಸ್ತೆಗೂ ಇರುವ ಅಂತರ ಎರಡು ತುದಿಯಲ್ಲಿ ಒಂದೇ ಇದ್ದರೆ ಅದು ಒಳ್ಳೇ ರಸ್ತೆ. ಅರ್ಧ ಕಿಲೋಮೀಟರಿಗಿಂತ ಸ್ವಲ್ಪ ಉದ್ದ ಇದ್ದರೆ ಸಾಕು. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಮಾತ್ರ ಖಂಡಿತ ಬೇಡ. ಹಿಂದಿನಿಂದ ಮೀನಿನ ಲಾರಿ ಬರುತ್ತಿರುವಾಗ 20ರ ವೇಗದಲ್ಲಿ ತೇಲಿಕೊಂಡು ಹೋಗುವುದು ಪ್ರಯೋಗ ಅಲ್ಲ.

ಹೊತ್ತು ಬೆಳಗ್ಗೆ ಆರೂಕಾಲು. ನೆಲ ಕಾಯುತ್ತಾ ಬಂದ ಹಾಗೆ ಸಮುದ್ರದ ಕಡೆಯಿಂದ ಗಾಳಿ ಏಳುತ್ತದೆ, ಆಮೇಲೆ ಕೆಲಸ ಕೆಟ್ಟಿತು. ಒಂದು ಊದುಬತ್ತಿ ಹಚ್ಚಿ ರಸ್ತೆ ಬದಿ ಚುಚ್ಚಿ. ಹೊಗೆ ನೆಟ್ಟಗೆ ಏರಿದರೆ ಶುರು ಮಾಡಿ. ಹೊಗೆ ಮಲಗಿದರೆ ಚಹಾ ಕುಡಿದು ಮನೆಗೆ ಹೋಗಿ. ಮಳೆಗಾಲದಲ್ಲಿ ಯೋಚಿಸಲೂ ಬೇಡಿ, ಒದ್ದೆ ರಸ್ತೆಯ ನೀರನ್ನು ಬದಿಗೆ ತಳ್ಳಲಿಕ್ಕೇ ಟೈರಿಗೆ ಬಲ ಬೇಕು. ನವೆಂಬರಿನಿಂದ ಫೆಬ್ರವರಿ ಒಳ್ಳೇ ಕಾಲ.

ಹಂತ 4: ಓಟ

ಮೊದಲು 20 ನಿಮಿಷ ಸುಮ್ನೆ ಓಡಿಸಿ. ಟೈರು, ಗೇರ್ ಆಯಿಲ್ ಬಿಸಿಯಾಗಲಿ. ಕಿಟಕಿ ಏರಿಸಿ. ಒಬ್ಬರು ಓಡಿಸಬೇಕು, ಇನ್ನೊಬ್ಬರು ಜಿಪಿಎಸ್ ವೇಗ ತೋರಿಸುವ ಮೊಬೈಲನ್ನು ಮತ್ತೊಂದು ಮೊಬೈಲಿನಲ್ಲಿ ವಿಡಿಯೊ ಮಾಡಬೇಕು. ಕಾರಿನ ಮೀಟರನ್ನು ನಂಬಬೇಡಿ, ಇರುವುದಕ್ಕಿಂತ ಜಾಸ್ತಿ ತೋರಿಸುವುದೇ ಅದರ ಅಭ್ಯಾಸ. ಸ್ಟಾಪ್‌ವಾಚ್ ಒತ್ತುವ ಹೆಬ್ಬೆರಳನ್ನೂ ನಂಬಬೇಡಿ.

ರಸ್ತೆಯ ನಡುಭಾಗದಲ್ಲಿ ಒಂದು ತುಂಡನ್ನು ಗುರುತು ಮಾಡಿಕೊಳ್ಳಿ. ವೇಗ 65ಕ್ಕೆ ತಂದು ಕ್ಲಚ್ ಒತ್ತಿ ನ್ಯೂಟ್ರಲ್, ಕ್ಲಚ್ ಬಿಡಿ. 60ರಿಂದ 50ಕ್ಕೆ ಇಳಿಯಲು ಹಿಡಿದ ಸಮಯ ಒಂದು ಅಂಕಿ. ತಿರುಗಿ ಬಂದು ಅದೇ ತುಂಡಿನಲ್ಲಿ 35ರಿಂದ ಬಿಟ್ಟು, 30ರಿಂದ 20ಕ್ಕೆ ಇಳಿದ ಸಮಯ ಇನ್ನೊಂದು. ಇವೆರಡನ್ನೂ ಎರಡೂ ದಿಕ್ಕಿನಲ್ಲಿ ಐದೈದು ಸಲ ಮಾಡಿ. ನಾಯಿ, ಸೈಕಲ್, ಹಾಲಿನವರು, ಯಾರೇ ಬಂದರೂ ಆ ಓಟ ಬಿಟ್ಟುಬಿಡಿ. ಆದರೆ ಅಂಕಿ ಇಷ್ಟವಾಗಲಿಲ್ಲ ಅಂತ ಓಟವನ್ನು ಅಳಿಸಬೇಡಿ. ಹುಡುಗರು ಮಾಡುವ ದೊಡ್ಡ ಕಳ್ಳತನ ಇದೇ.

ಕೀ ಆಫ್ ಮಾಡಲೇಬೇಡಿ. ಸ್ಟೀರಿಂಗ್ ಲಾಕ್ ಆಗಬಹುದು, ಬ್ರೇಕಿನ ಬೂಸ್ಟರ್ ಎರಡು ಮೂರು ಒತ್ತಿಗೆ ಖಾಲಿಯಾಗಿ ಪೆಡಲ್ ಕಲ್ಲಾಗುತ್ತದೆ. ಈ ಪರೀಕ್ಷೆ ಸಪಾಟು ರಸ್ತೆಗೆ ಮಾತ್ರ. ದೇವಿಮನೆ ಘಟ್ಟದಲ್ಲಿ, ಅರಬೈಲು ಘಟ್ಟದಲ್ಲಿ ಪೆಟ್ರೋಲ್ ಉಳಿಸ್ತೇನೆ ಅಂತ ನ್ಯೂಟ್ರಲ್‌ನಲ್ಲಿ ಇಳಿಯುವ ಮಹಾಶಯರಿದ್ದಾರೆ. ಈಗಿನ ಫ್ಯುಯೆಲ್ ಇಂಜೆಕ್ಷನ್ ಎಂಜಿನ್ನು ಗೇರಿನಲ್ಲಿ ಇಳಿಯುವಾಗ ಪೆಟ್ರೋಲನ್ನೇ ನಿಲ್ಲಿಸುತ್ತದೆ. ನ್ಯೂಟ್ರಲ್‌ನಲ್ಲಿ ಮಾತ್ರ ಐಡ್ಲಿಂಗ್‌ಗೆ ಕುಡಿಯುತ್ತಲೇ ಇರುತ್ತದೆ. ಉಳಿತಾಯವೂ ಇಲ್ಲ, ಎಂಜಿನ್ನಿನ ಹಿಡಿತವೂ ಇಲ್ಲ.

ಹಂತ 5: ಸರಾಸರಿಯ ಹೊಂಡ

ಹೋಗುವಾಗ 16.5 ಸೆಕೆಂಡ್, ಬರುವಾಗ 25.3 ಸೆಕೆಂಡ್ ಬಂತು ಅಂದುಕೊಳ್ಳಿ. ಎಲ್ಲರೂ ಎರಡನ್ನೂ ಕೂಡಿಸಿ ಅರ್ಧ ಮಾಡುತ್ತಾರೆ, 20.9. ತಪ್ಪು. ಇಳಿಜಾರು ಒಂದು ಕಡೆ ಕೂಡುವುದು, ಇನ್ನೊಂದು ಕಡೆ ಕಳೆಯುವುದು ಬಲವನ್ನು, ಸಮಯವನ್ನಲ್ಲ. ಮೊದಲು ಸೆಕೆಂಡಿಗೆ ಎಷ್ಟು ವೇಗ ಇಳಿಯಿತು ಅಂತ ತೆಗೆಯಬೇಕು. ಗಂಟೆಗೆ 10 ಕಿ.ಮೀ. ಅಂದರೆ ಸೆಕೆಂಡಿಗೆ 2.78 ಮೀಟರ್. ಅದನ್ನು 16.5ರಿಂದ ಭಾಗಿಸಿದರೆ 0.168, 25.3ರಿಂದ ಭಾಗಿಸಿದರೆ 0.110. ಇವುಗಳ ಸರಾಸರಿ 0.139. ಅಂದರೆ ನಿಜವಾದ ಸಮಯ 20 ಸೆಕೆಂಡ್. ಇಷ್ಟು ವ್ಯತ್ಯಾಸ ಮಾಡಿದ ಇಳಿಜಾರು ಎಷ್ಟು ಗೊತ್ತಾ? ನೂರು ಮೀಟರಿಗೆ 30 ಸೆಂಟಿಮೀಟರ್. ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ.

ಹಂತ 6: ಲೆಕ್ಕ

ನಮ್ಮ ಕಾರು ಇಬ್ಬರು ಸೇರಿ 970 ಕಿಲೋ. ತಿರುಗುವ ಚಕ್ರಗಳ ವೇಗ ಇಳಿಸಲಿಕ್ಕೂ ಬಲ ಬೇಕಲ್ವಾ, ಅದಕ್ಕೆ ಶೇಕಡ 3 ಸೇರಿಸಿ, 1000 ಅಂತ ಹಿಡಿಯಿರಿ. ಕ್ಯಾರಿಯರ್ ಇಲ್ಲದಾಗ 60ರಿಂದ 50ಕ್ಕೆ 13 ಸೆಕೆಂಡ್, 30ರಿಂದ 20ಕ್ಕೆ 20 ಸೆಕೆಂಡ್. ಹಂತ 5ರ ಹಾಗೆ 2.78ನ್ನು ಸೆಕೆಂಡಿನಿಂದ ಭಾಗಿಸಿ, 1000ದಿಂದ ಗುಣಿಸಿದರೆ ತಡೆಯ ಬಲ ಸಿಗುತ್ತದೆ. ಜೋರಿನ ಓಟದಲ್ಲಿ 214 ನ್ಯೂಟನ್, ನಿಧಾನದ ಓಟದಲ್ಲಿ 139. ಟೈರಿನ ತಡೆ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಹಾಗಾಗಿ ನಡುವಿನ 75 ನ್ಯೂಟನ್ ಗಾಳಿಯದ್ದು.

ಗಾಳಿಯ ತಡೆ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. ಮಧ್ಯದ ವೇಗಗಳು 55 ಮತ್ತು 25. ಸೆಕೆಂಡಿನ ಲೆಕ್ಕದಲ್ಲಿ 15.28 ಮತ್ತು 6.94 ಮೀಟರ್. ವರ್ಗ ಮಾಡಿದರೆ 233 ಮತ್ತು 48, ಕಳೆದರೆ 185. 75ನ್ನು 185ರಿಂದ ಭಾಗಿಸಿ, ಎರಡರಿಂದ ಗುಣಿಸಿ, ಕರಾವಳಿಯ ಬೆಚ್ಚನೆ ಗಾಳಿಯ ಸಾಂದ್ರತೆ 1.17ರಿಂದ ಭಾಗಿಸಿ. 0.69 ಬರುತ್ತದೆ. ಇದು ಕಾರಿನ ಆಕಾರ, ಗಾತ್ರ ಎರಡೂ ಸೇರಿದ ಅಂಕಿ. ಕಾರಿನ ಎದುರು ಮುಖದ ವಿಸ್ತೀರ್ಣ 2.1 ಚದರ ಮೀಟರಿನಿಂದ ಭಾಗಿಸಿದರೆ 0.33, ಇದು ಬರೀ ಆಕಾರದ ಅಂಕಿ, ಕಡಿಮೆ ಇದ್ದಷ್ಟೂ ಒಳ್ಳೆಯದು. ಇವಿ1ರದ್ದು 0.19 ಇತ್ತು. 2022ರಲ್ಲಿ ಒಂದೇ ಚಾರ್ಜಿನಲ್ಲಿ 1008 ಕಿ.ಮೀ. ಓಡಿದ ಮರ್ಸಿಡಿಸ್ ಇಕ್ಯೂಎಕ್ಸ್‌ಎಕ್ಸ್‌ನದು 0.17. ಹೋಲಿಕೆಗೆ ಚೆಂದ, ಆದರೆ ಮುಖದ ವಿಸ್ತೀರ್ಣ ಅಳೆಯುವುದು ತಲೆನೋವು. ನಿಮ್ಮ ಕಾರಿಗೆ ನಿಮ್ಮ ಕಾರನ್ನೇ ಹೋಲಿಸಲು 0.69 ಧಾರಾಳವಾಗಿ ಸಾಕು.

ಇನ್ನು ಕ್ಯಾರಿಯರ್. ಅದನ್ನು ಕೂರಿಸಿ ಮತ್ತೆ ಇಪ್ಪತ್ತು ಓಟ ಓಡಿಸಿದೆವು. ನಿಧಾನದ ಓಟ ಹೆಚ್ಚು ಬದಲಾಗಲಿಲ್ಲ. ಜೋರಿನ ಓಟ 13ರಿಂದ 12.1 ಸೆಕೆಂಡಿಗೆ ಇಳಿಯಿತು. ಒಂದು ಸೆಕೆಂಡೂ ಅಲ್ಲ! ಐದೈದು ಸಲ ಓಡಿಸಿ ಅಂದಿದ್ದು ಇದಕ್ಕೇ. ಒಂದೇ ಓಟದಲ್ಲಿ ಈ ವ್ಯತ್ಯಾಸ ಜಿಪಿಎಸ್‌ನ ತಪ್ಪಿನಲ್ಲೇ ಮುಚ್ಚಿಹೋಗುತ್ತದೆ. ಲೆಕ್ಕ ಹಾಕಿದರೆ 0.69 ಇದ್ದದ್ದು 0.80 ಆಗಿತ್ತು. ಹೆದ್ದಾರಿಯ 80ರ ವೇಗದಲ್ಲಿ ಕಾರನ್ನು ತಳ್ಳಲು ಶೇಕಡ 10ರಷ್ಟು ಜಾಸ್ತಿ ಬಲ ಬೇಕು, ಅದೂ ಖಾಲಿ ಕ್ಯಾರಿಯರ್‌ಗೆ.

ಪೆಟ್ರೋಲ್ ಪೈಪಿಗೆ ಕಟ್ಟುವ ಮೈಲೇಜ್ ಮ್ಯಾಗ್ನೆಟ್ ಅಂತ ಒಂದು ಮಾರುತ್ತಾರೆ. ಅದನ್ನು ಈ ಪರೀಕ್ಷೆಯಲ್ಲಿ ಹಿಡಿಯಲಾಗದು, ಇಲ್ಲಿ ಎಂಜಿನ್ನಿಗೆ ಕೆಲಸವೇ ಇಲ್ಲ. ನಾನು ಒಂದು ಕಟ್ಟಿಸಿ, ಟ್ಯಾಂಕ್ ಫುಲ್ ಮಾಡಿಸಿ ಮಾಡಿಸಿ ಮೂರು ತಿಂಗಳು ಬರೆದಿಟ್ಟೆ. ಈಗ ಅದು ಫ್ರಿಜ್ಜಿನ ಬಾಗಿಲಿಗೆ ಗ್ಯಾಸಿನ ರಸೀದಿ ಹಿಡಿದುಕೊಂಡಿದೆ.

ಕ್ಯಾರಿಯರ್ ಅಟ್ಟ ಸೇರಿದೆ. ನಾಲ್ಕು ಬೋಲ್ಟು, ಹತ್ತು ನಿಮಿಷದ ಕೆಲಸ. ಮೇ ತಿಂಗಳಲ್ಲಿ ಅಂಕೋಲಾದಿಂದ ಕರಿ ಈಶಾಡು ಮಾವಿನ ಬುಟ್ಟಿ ತರುವಾಗ ಇಳಿಸಿದರಾಯಿತು.