ಕಲ್ಲು ಹೇಳಿದ್ದು ಎಷ್ಟು, ಓದಿದವರು ಹೇಳಿದ್ದು ಎಷ್ಟು?

ಊರಿನ ಇತಿಹಾಸ ಬರೆಯಲು ಹೊರಟವರಿಗೆ ಒಂದು ಸಲಹೆ. ನೋಟ್‌ಬುಕ್ಕಿನ ಹಾಳೆಯ ನಡುವೆ ಒಂದು ಗೆರೆ ಎಳೆಯಿರಿ. ಎಡಕ್ಕೆ ಮೂಲ ಆಕರ: ಶಾಸನ, ಕಡತ, ಹಳೆಯ ಪತ್ರ. ಬಲಕ್ಕೆ, ಆಮೇಲಿನವರು ಅವನ್ನು ಓದಿ ಬರೆದದ್ದು.

ಹಲ್ಮಿಡಿ ಶಾಸನವನ್ನೇ ನೋಡಿ. ಅದು ಕ್ರಿ.ಶ. 450ರದ್ದು ಅಂತ ಶಾಲೆಯಲ್ಲೇ ಓದಿದ್ದೇವೆ, ಅಲ್ವಾ? ಆದರೆ ಕಲ್ಲಿನ 16 ಸಾಲುಗಳಲ್ಲಿ ಎಲ್ಲೂ ವರ್ಷವೇ ಇಲ್ಲ! ಕದಂಬರ ಅರಸ ಕಾಕುಸ್ಥನ ಹೆಸರಿದೆ. ವಿಜ ಅರಸನಿಗೆ ಎರಡು ಹಳ್ಳಿ ಕೊಟ್ಟ ಮಾತಿದೆ. ಇದೆಲ್ಲ ಎಡಕ್ಕೆ. 450 ಎನ್ನುವುದು ಅಕ್ಷರದ ರೂಪ, ಭಾಷೆ, ಕಾಕುಸ್ಥನ ಕಾಲ ನೋಡಿ ವಿದ್ವಾಂಸರು ಹಾಕಿದ ಲೆಕ್ಕ. ಅದು ಬಲಕ್ಕೆ. ಅದಕ್ಕೇ ಆ ಕಾಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ.

ಕರ್ನಾಟಕದ ಶಾಸನಗಳನ್ನು ಸಂಗ್ರಹಿಸಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ಎರಡೂ ಸಿಗುತ್ತವೆ. ಶಾಸನದ ಪಾಠ ಬೇರೆ, ಸಂಪಾದಕರ ಪೀಠಿಕೆ ಬೇರೆ. ಪೀಠಿಕೆಯನ್ನು ಖಂಡಿತ ಓದಿ, ಸಂದರ್ಭ ತಿಳಿಯುವುದೇ ಅಲ್ಲಿ. ಅದರ ಮಾತನ್ನು ಮಾತ್ರ ‘ಶಾಸನದಲ್ಲಿದೆ’ ಅಂತ ಸುಮ್ನೆ ಬರೆಯಬೇಡಿ.

ಇನ್ನೊಂದು ವಿಷಯ. ಮೂಲ ಆಕರ ಅಂದರೆ ಪೂರ್ತಿ ನಿಜ ಅಂತಲೂ ಅಲ್ಲ. ಶಾಸನ ಬರೆದವನು ತನ್ನ ಅರಸನನ್ನು ಜಾಸ್ತಿಯೇ ಹೊಗಳಿರುತ್ತಾನೆ. ಅಂಥ ಸಾಲಿನ ಪಕ್ಕ ಪೆನ್ಸಿಲ್‌ನಲ್ಲಿ ಒಂದು ಪ್ರಶ್ನೆಚಿಹ್ನೆ ಹಾಕಿಡಿ.