ಮೋಟಾರಿಗೂ ಬ್ಯಾಟರಿಗೂ ಕಾರಿನೊಳಗೆ ನೆಲೆ: ಲೋಹದ ಭಾಗಗಳನ್ನು ನಾನೇ ತಯಾರಿಸಿದ ಬಗೆ

ಪೆಟ್ರೋಲ್ ಎಂಜಿನ್ನಿನ ಸಣ್ಣ ಕಾರೊಂದನ್ನು ವಿದ್ಯುತ್ ಕಾರಾಗಿ ಮಾರ್ಪಡಿಸಲು ಬೇಕಾದ ಮೋಟಾರು, ಕಂಟ್ರೋಲರ್, ಚಾರ್ಜರ್, ಬ್ಯಾಟರಿ ಮಾಡ್ಯೂಲುಗಳು ಕೊಳ್ಳಲು ಸಿಗುತ್ತವೆ. ಅವನ್ನು ಕಾರಿನ ಒಡಲಿಗೆ ಹಿಡಿದಿಡುವ ಭಾಗಗಳು ಮಾತ್ರ ಸಿದ್ಧವಾಗಿ ಸಿಗುವುದು ಅಪರೂಪ. ಎಂಜಿನ್ ಕೋಣೆಯ ಅಳತೆ, ಎಂಜಿನ್ನನ್ನು ಒಡಲಿಗೆ ಹಿಡಿದಿಡುವ ಮೌಂಟಿಂಗ್ ಇರುವ ಜಾಗ, ಗಿಯರ್‌ಬಾಕ್ಸಿನ ಮುಖದ ಆಕಾರ ಒಂದೊಂದು ಕಾರಿನಲ್ಲಿ ಒಂದೊಂದು ರೀತಿ ಇರುವುದೇ ಇದಕ್ಕೆ ಕಾರಣ. ಹಾಗಾಗಿ ಮೋಟಾರಿನ ಮೌಂಟಿಂಗ್ ಬ್ರಾಕೆಟ್‌ಗಳು, ಮೋಟಾರನ್ನು ಹಳೆಯ ಗಿಯರ್‌ಬಾಕ್ಸಿಗೆ ಸೇರಿಸುವ ಅಡಾಪ್ಟರ್ ಪ್ಲೇಟು, ಮುಂಭಾಗದ ಬ್ಯಾಟರಿ ಚೌಕಟ್ಟು, ಹಿಂಭಾಗದ ಬ್ಯಾಟರಿ ಪೆಟ್ಟಿಗೆ ಇಷ್ಟನ್ನೂ ನಾನೇ ತಯಾರಿಸಿದೆ. ಲೇತಿನ ಕೆಲಸವೊಂದನ್ನು ಬಿಟ್ಟರೆ ಉಳಿದದ್ದೆಲ್ಲ ಮನೆಯ ಶೆಡ್ಡಿನಲ್ಲಿಯೇ, ಆಂಗಲ್ ಗ್ರೈಂಡರ್, ಪಿಲ್ಲರ್ ಡ್ರಿಲ್ಲು, ಬೆಂಚ್ ವೈಸು ಮತ್ತು ಮಿಗ್ (ಅನಿಲದ ರಕ್ಷಣೆಯಲ್ಲಿ ತಂತಿಯನ್ನು ಕರಗಿಸಿ ಬೆಸೆಯುವ) ವೆಲ್ಡಿಂಗ್ ಯಂತ್ರಗಳಿಂದ ನಡೆಯಿತು. ಈ ಕೆಲಸದ ಉದ್ದಕ್ಕೂ ನನ್ನ ಕೈಯನ್ನು ನಡೆಸಿದ ವಿಚಾರ ಒಂದೇ: ಬ್ರಾಕೆಟ್ಟಿನ ದಪ್ಪಕ್ಕಿಂತ, ಅದು ಹೊತ್ತ ಭಾರ ಯಾವ ದಾರಿಯಲ್ಲಿ ಕಾರಿನ ಒಡಲನ್ನು ಸೇರುತ್ತದೆ ಮತ್ತು ಸೇರಿದ ಜಾಗದಲ್ಲಿ ಎಷ್ಟು ಅಗಲಕ್ಕೆ ಹರಡುತ್ತದೆ ಎಂಬುದು ಮುಖ್ಯ.

ಲೋಹ ಕತ್ತರಿಸುವ ಮೊದಲು ಮಾರ್ಪಾಡಿಗೆ ಅನುಮತಿ ಪಡೆಯುವ ಕ್ರಮವನ್ನು ವಾಹನ ನೋಂದಣಿ ಕಚೇರಿಯಲ್ಲಿ ವಿಚಾರಿಸಿಕೊಂಡೆ. ತಪಾಸಣೆಗೆ ಬರುವವರು ಯಾವ ಬೆಸುಗೆಗಳನ್ನು ನೋಡಬಯಸುತ್ತಾರೆ, ಯಾವ ನಕ್ಷೆಗಳನ್ನು ಕೇಳುತ್ತಾರೆ ಎಂಬುದು ಮೊದಲೇ ತಿಳಿದರೆ ಭಾಗಗಳ ವಿನ್ಯಾಸವೇ ಬದಲಾಗಬಹುದು. ಬಳಿಕ ಕಾರಿನ ಒಡಲನ್ನು ಪರಿಶೀಲಿಸಿದೆ. ಲಾರಿಗಳಲ್ಲಿರುವಂತೆ ಇಂಥ ಕಾರುಗಳಿಗೆ ಪ್ರತ್ಯೇಕವಾದ ಏಣಿಯಾಕಾರದ ಚಾಸಿ ಇರುವುದಿಲ್ಲ. ಮಡಿಸಿದ ತೆಳು ಶೀಟುಗಳನ್ನು ಸ್ಪಾಟ್ ವೆಲ್ಡಿಂಗ್‌ನಿಂದ ಬೆಸೆದ ಪೆಟ್ಟಿಗೆಯೇ ಚಾಸಿ. ಆ ಪೆಟ್ಟಿಗೆಯಲ್ಲಿ ದೊಡ್ಡ ಭಾರ ಹೊರಲೆಂದೇ ತಯಾರಕರು ಒಳಗಿನಿಂದ ಬಲಪಡಿಸಿದ ಜಾಗಗಳು ಕೆಲವೇ ಇವೆ: ಎಂಜಿನ್ ಮೌಂಟಿಂಗ್‌ಗಳು, ಸಸ್ಪೆನ್ಷನ್ ಕೂರುವ ಜಾಗಗಳು, ಸೀಟು ಮತ್ತು ಸೀಟ್ ಬೆಲ್ಟಿನ ಬೋಲ್ಟುಗಳು. ಹೊಸ ಭಾಗಗಳನ್ನು ಸಾಧ್ಯವಾದಷ್ಟೂ ಎಂಜಿನ್ ಮೌಂಟಿಂಗ್‌ಗಳಿಗೇ ತಂದು ಮುಟ್ಟಿಸಿದೆ; ಸೀಟ್ ಬೆಲ್ಟಿನ ಬೋಲ್ಟುಗಳ ಹತ್ತಿರ ಹೋಗಲಿಲ್ಲ. ಇತ್ತೀಚಿನ ಕಾರುಗಳ ಬಾಗಿಲ ಕಂಬ ಮತ್ತು ಕೆಲವು ರೈಲುಗಳಲ್ಲಿ (ಒಡಲಿನ ಉದ್ದಕ್ಕೆ ಸಾಗುವ ಪೆಟ್ಟಿಗೆಯಾಕಾರದ ತೊಲೆಗಳಲ್ಲಿ) ಬೋರಾನ್ ಬೆರೆತ, ಶಾಖ ಸಂಸ್ಕಾರ ಪಡೆದ ಅತಿಬಲದ ಉಕ್ಕು ಇರುತ್ತದೆ. ಅದಕ್ಕೆ ಬೆಸುಗೆಯ ಶಾಖ ತಗುಲಿದರೆ ಆ ಜಾಗದ ಬಲ ಕುಗ್ಗುತ್ತದೆ, ನೋಡಿದರೆ ಅದು ತಿಳಿಯುವುದೂ ಇಲ್ಲ. ಆದ್ದರಿಂದ ಒಡಲಿಗೆ ನೇರವಾಗಿ ಬೆಸೆಯುವ ಕೆಲಸವನ್ನು ಅತಿ ಕಡಿಮೆ ಮಾಡಿ, ಬೋಲ್ಟಿನಿಂದ ಕೂಡಿಸುವುದನ್ನೇ ಆರಿಸಿಕೊಂಡೆ. ಬೋಲ್ಟಿನ ಭಾಗವನ್ನು ಬಿಚ್ಚಿ ಪರೀಕ್ಷಿಸಬಹುದು ಎಂಬುದೂ ಇದಕ್ಕೆ ಒಂದು ಕಾರಣ.

ಮುಂದಿನ ಹೆಜ್ಜೆ ಲೆಕ್ಕ. ಮೋಟಾರು ಮತ್ತು ಗಿಯರ್‌ಬಾಕ್ಸ್ ಕೂಡಿ ಸುಮಾರು 80 ಕಿಲೋ ತೂಗುತ್ತವೆ. ಆ ತೂಕವನ್ನಷ್ಟೇ ನೋಡಿದರೆ ಮೌಂಟಿಂಗ್ ಹಗುರವಾಗಿದ್ದರೂ ಸಾಕೆನಿಸುತ್ತದೆ. ಆದರೆ ಚಕ್ರಗಳನ್ನು ಮುಂದಕ್ಕೆ ತಿರುಗಿಸುವ ತಿರುಚುಬಲದಷ್ಟೇ ಬಲ ಮೋಟಾರು-ಗಿಯರ್‌ಬಾಕ್ಸ್ ಜೋಡಿಯನ್ನು ಹಿಮ್ಮುಖವಾಗಿ ತಿರುಗಿಸಲು ನೋಡುತ್ತದೆ, ಮತ್ತು ಅದನ್ನು ತಡೆಯುವುದು ಮೌಂಟಿಂಗ್‌ಗಳೇ. ಮೋಟಾರಿನ ಗರಿಷ್ಠ ತಿರುಚುಬಲ 120 ನ್ಯೂಟನ್ ಮೀಟರ್, ಮೊದಲ ಗಿಯರ್ 3.5, ಅಂತಿಮ ಗಿಯರ್ 4 ಎಂದಿಟ್ಟುಕೊಂಡರೆ ಚಕ್ರದ ಶಾಫ್ಟಿನಲ್ಲಿ 1,680 ನ್ಯೂಟನ್ ಮೀಟರ್ ಆಗುತ್ತದೆ. ಮುಂದಿನ ಮತ್ತು ಹಿಂದಿನ ಮೌಂಟಿಂಗ್‌ಗಳ ನಡುವೆ 60 ಸೆಂಟಿಮೀಟರ್ ಅಂತರವಿದ್ದರೆ ಒಂದೊಂದರ ಮೇಲೂ 2,800 ನ್ಯೂಟನ್, ಅಂದರೆ ಸುಮಾರು 285 ಕಿಲೋ ತೂಕಕ್ಕೆ ಸಮನಾದ ಬಲ ಬೀಳುತ್ತದೆ. ಒಂದನ್ನು ಅದು ಕೆಳಕ್ಕೆ ಒತ್ತುತ್ತದೆ, ಇನ್ನೊಂದನ್ನು ಮೇಲಕ್ಕೆ ಎಳೆಯುತ್ತದೆ. ರೀಜನರೇಟಿವ್ ಬ್ರೇಕಿಂಗ್ ಆದಾಗ, ಅಂದರೆ ಮೋಟಾರೇ ಜನರೇಟರಾಗಿ ಕಾರಿನ ವೇಗ ತಗ್ಗಿಸುವಾಗ, ಈ ದಿಕ್ಕುಗಳು ಅದಲುಬದಲಾಗುತ್ತವೆ. ಹಾಗಾಗಿ ಬ್ರಾಕೆಟ್ ಎರಡೂ ದಿಕ್ಕಿನ ಬಲವನ್ನು ಸಾವಿರಾರು ಬಾರಿ ತಾಳಬೇಕು. ಮೌಂಟಿಂಗ್‌ಗಳ ನಡುವಿನ ಅಂತರವನ್ನು ಹೆಚ್ಚಿಸಿದಷ್ಟೂ ಬಲ ಕಡಿಮೆಯಾಗುತ್ತದೆ ಎಂಬುದೂ ಈ ಲೆಕ್ಕದಿಂದಲೇ ಸ್ಪಷ್ಟವಾಗುತ್ತದೆ.

ಬ್ಯಾಟರಿಯ ಲೆಕ್ಕ ಬೇರೆ. ವಿದ್ಯುತ್ ವಾಹನಗಳ ಸುರಕ್ಷತೆಗಾಗಿ ಇರುವ ವಿಶ್ವಸಂಸ್ಥೆಯ 100ನೇ ನಿಯಮಾವಳಿಯು ಪ್ರಯಾಣಿಕ ಕಾರಿನ ಬ್ಯಾಟರಿಯ ಆಘಾತ ಪರೀಕ್ಷೆಯಲ್ಲಿ ಉದ್ದದ ದಿಕ್ಕಿಗೆ ಕನಿಷ್ಠ 20 ಜಿ, ಅಡ್ಡ ದಿಕ್ಕಿಗೆ ಕನಿಷ್ಠ 8 ಜಿ ವೇಗೋತ್ಕರ್ಷವನ್ನು ಗೊತ್ತುಪಡಿಸಿದೆ (ಒಂದು ಜಿ ಎಂದರೆ ವಸ್ತುವಿನ ಮೇಲೆ ಅದರ ತೂಕದಷ್ಟೇ ಬಲ). ನಾನು ಎಲ್ಲ ದಿಕ್ಕಿಗೂ 20 ಜಿ ಹಿಡಿದು ಲೆಕ್ಕ ಹಾಕಿದೆ. ಹಿಂದಿನ ಪೆಟ್ಟಿಗೆಯ ಒಟ್ಟು ತೂಕ 110 ಕಿಲೋ. 20 ಜಿ ಎಂದರೆ ಸುಮಾರು 21,600 ನ್ಯೂಟನ್, ಅಂದರೆ 2.2 ಟನ್ ಭಾರಕ್ಕೆ ಸಮ. ಈ ಅಂಕಿ ಕಣ್ಣೆದುರಿಗಿದ್ದಾಗ ಪೆಟ್ಟಿಗೆಯನ್ನು ಪಟ್ಟಿಯಿಂದ ಬಿಗಿದರೆ ಸಾಕು ಎಂಬ ಯೋಚನೆ ಸುಳಿಯುವುದೇ ಇಲ್ಲ.

ಅಳತೆಗೆ ಕಾರನ್ನು ನಾಲ್ಕು ಸ್ಟ್ಯಾಂಡುಗಳ ಮೇಲೆ ಮಟ್ಟವಾಗಿ ನಿಲ್ಲಿಸಿ, ತಯಾರಕರೇ ಬಿಟ್ಟಿದ್ದ ರಂಧ್ರಗಳಿಂದ ತೂಗುಗುಂಡು ಇಳಿಬಿಟ್ಟು, ನೆಲದ ಮೇಲೆ ಕಾರಿನ ನಡುಗೆರೆಯನ್ನು ಎಳೆದುಕೊಂಡೆ. ಮುಂದಿನ ಎಲ್ಲ ಅಳತೆಗಳನ್ನೂ ಈ ಗೆರೆಯಿಂದಲೇ ತೆಗೆದೆ. ಬಂಪರು, ಬಾನೆಟ್ಟು, ಫೆಂಡರಿನ ಅಂಚುಗಳಿಂದ ಅಳೆಯಬಾರದು, ಏಕೆಂದರೆ ಅವೆಲ್ಲ ಬಿಚ್ಚಿ ಹೊಂದಿಸಬಹುದಾದ ಭಾಗಗಳು. ಗಿಯರ್‌ಬಾಕ್ಸನ್ನು ಅದರ ಮೂಲ ಸ್ಥಾನದಲ್ಲಿ, ಚಕ್ರದ ಶಾಫ್ಟುಗಳ ಕೋನ ಬದಲಾಗದಂತೆ ಜ್ಯಾಕಿನ ಮೇಲೆ ನಿಲ್ಲಿಸಿ, ಮೋಟಾರನ್ನು ಅದಕ್ಕೆ ಕಟ್ಟಿದ ನಂತರವೇ ಬ್ರಾಕೆಟ್ಟಿನ ಆಕಾರವನ್ನು ದಪ್ಪ ರಟ್ಟಿನಲ್ಲಿ ಕತ್ತರಿಸಿ ನೋಡಿದೆ. ರಟ್ಟಿನ ಮಾದರಿ ಸರಿಯಾಗಿ ಕೂತ ಮೇಲೆ ಅದನ್ನೇ ತೆಳು ಪ್ಲೈವುಡ್ಡಿನಲ್ಲಿ ಮಾಡಿ, ಬೋಲ್ಟು ತೂರಿಸಿ, ಸ್ಪ್ಯಾನರ್ ಒಳಹೋಗಲು ಜಾಗವಿದೆಯೇ ಎಂದು ಪರೀಕ್ಷಿಸಿದೆ. ಈ ಕೊನೆಯ ಪರೀಕ್ಷೆ ಬಹಳ ಉಪಯುಕ್ತ. ನಕ್ಷೆಯಲ್ಲಿ ಸರಿಯಾಗಿ ಕಾಣುವ ಬೋಲ್ಟಿಗೆ ಕಾರಿನೊಳಗೆ ಕೈಯೇ ಹೋಗದಿರುವುದುಂಟು.

ಮೌಂಟಿಂಗ್‌ಗಳಿಗೆ ಮೈಲ್ಡ್ ಸ್ಟೀಲ್ ಆರಿಸಿಕೊಂಡೆ. ಅಲ್ಯೂಮಿನಿಯಂ ಹಗುರ ನಿಜ, ಅದರ ಸಾಂದ್ರತೆ ಉಕ್ಕಿನ ಮೂರನೆಯ ಒಂದು ಭಾಗ; ಆದರೆ ಬಾಗುವಿಕೆಯನ್ನು ತಡೆಯುವ ಬಿಗುಪೂ ಮೂರನೆಯ ಒಂದು ಭಾಗವೇ. ಅದಲ್ಲದೆ ಶಾಖ ಸಂಸ್ಕಾರದಿಂದ ಬಲ ಪಡೆದ 6061-ಟಿ6 ಎಂಬ ಅಲ್ಯೂಮಿನಿಯಂ ಮಿಶ್ರಲೋಹಕ್ಕೆ ಬೆಸುಗೆ ಹಾಕಿದರೆ ಶಾಖ ತಗುಲಿದ ಪಟ್ಟಿಯಲ್ಲಿ ಅದರ ಬಲ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಇನ್ನೂ ಮುಖ್ಯವಾದದ್ದು ದಣಿವಿನ ಪ್ರಶ್ನೆ: ಒಂದು ಮಿತಿಯ ಕೆಳಗಿನ ಒತ್ತಡವನ್ನು ಉಕ್ಕು ಎಷ್ಟು ಬಾರಿಯಾದರೂ ತಾಳಿಕೊಳ್ಳಬಲ್ಲದು, ಅಲ್ಯೂಮಿನಿಯಂಗೆ ಅಂಥ ಸ್ಪಷ್ಟ ಮಿತಿಯಿಲ್ಲ. ದಿಕ್ಕು ಬದಲಿಸುತ್ತಲೇ ಇರುವ ಮೋಟಾರಿನ ಬಲಕ್ಕೆ ಉಕ್ಕೇ ತಕ್ಕದ್ದು ಎಂಬುದು ನನ್ನ ನಿಲುವು.

ಮುಂಭಾಗದ ಚೌಕಟ್ಟಿಗೆ 40 ಮಿ.ಮೀ. ಚೌಕದ, 3 ಮಿ.ಮೀ. ದಪ್ಪದ ಸ್ಕ್ವೇರ್ ಪೈಪು ಬಳಸಿದೆ. ಅದು ಮೀಟರಿಗೆ ಸುಮಾರು 3.4 ಕಿಲೋ ತೂಗುತ್ತದೆ. ಆಂಗಲ್ ಅಥವಾ ಚಾನಲ್ ಬಳಸುವವರು ಬಹಳ ಮಂದಿ, ಬೋಲ್ಟು ಹಾಕಲು ಅವು ಸುಲಭ. ಆದರೆ ತಿರುಚುವ ಬಲಕ್ಕೆ ತೆರೆದ ಆಕಾರ ತೀರಾ ದುರ್ಬಲ. ಇದೇ ಪೈಪನ್ನು ಉದ್ದಕ್ಕೂ ಒಂದು ಕಡೆ ಸೀಳಿದರೆ ತೂಕದಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಾಗುವುದಿಲ್ಲ, ಆದರೆ ತಿರುಚುವಿಕೆಯನ್ನು ತಡೆಯುವ ಅದರ ಬಿಗುಪು ನೂರನೆಯ ಒಂದು ಭಾಗಕ್ಕಿಂತ ಕೆಳಗಿಳಿಯುತ್ತದೆ. ರಸ್ತೆಯ ಗುಂಡಿಯಲ್ಲಿ ಒಂದು ಚಕ್ರ ಇಳಿದಾಗಲೆಲ್ಲ ಒಡಲು ತಿರುಚಿಕೊಳ್ಳುವುದರಿಂದ ಈ ವ್ಯತ್ಯಾಸ ಲೆಕ್ಕದ ಹಾಳೆಯಲ್ಲಿ ಉಳಿಯುವಂಥದ್ದಲ್ಲ. ಆದ್ದರಿಂದ ಪ್ಲೇಟಿನಿಂದ ಮಡಿಸಿ ಮಾಡಿದ ಬ್ರಾಕೆಟ್‌ಗಳನ್ನೂ ನಾಲ್ಕನೆಯ ಬದಿ ಮುಚ್ಚಿ ಪೆಟ್ಟಿಗೆಯಾಗಿಸಿದೆ.

ಟೊಳ್ಳು ಪೈಪಿನ ಮೂಲಕ ಬೋಲ್ಟು ಹಾಯಿಸುವಲ್ಲೆಲ್ಲ ಒಳಗೆ ದಪ್ಪ ಗೋಡೆಯ ಸಣ್ಣ ಕೊಳವೆಯೊಂದನ್ನು ಕೂರಿಸಿ ಎರಡೂ ಬದಿಗೆ ಬೆಸೆದೆ. ಅದಿಲ್ಲದಿದ್ದರೆ ಬೋಲ್ಟು ಬಿಗಿಸಿದಷ್ಟೂ ಪೈಪಿನ ಗೋಡೆ ಒಳಕ್ಕೆ ಕುಸಿಯುತ್ತದೆ, ಬಿಗಿ ನಿಲ್ಲುವುದಿಲ್ಲ. ರಂಧ್ರಗಳನ್ನು ಪೈಪಿನ ಮೇಲಿನ ಅಥವಾ ಕೆಳಗಿನ ಮುಖದಲ್ಲಿ ಕೊರೆಯದೆ ಪಕ್ಕದ ಗೋಡೆಯ ನಡುವಿನಲ್ಲಿ ಕೊರೆದೆ. ಬಾಗುವಾಗ ಅತಿ ಕಡಿಮೆ ಒತ್ತಡ ಬೀಳುವ ಜಾಗ ಅದು. ಪ್ಲೇಟು ಮಡಿಸುವಾಗ ಒಳತಿರುವಿನ ತ್ರಿಜ್ಯ ಪ್ಲೇಟಿನ ದಪ್ಪಕ್ಕಿಂತ ಕಡಿಮೆಯಾಗದಂತೆ ನೋಡಿಕೊಂಡೆ. ಕತ್ತರಿಸಿದ ಅಂಚುಗಳ ಗೀರುಗಳನ್ನು ಅರದಿಂದ ಉಜ್ಜಿ ನಯಗೊಳಿಸಿದೆ, ಏಕೆಂದರೆ ಬಿರುಕು ಹುಟ್ಟುವುದು ಅಂಥ ಗೀರಿನಲ್ಲಿಯೇ.

ಅಡಾಪ್ಟರ್ ಪ್ಲೇಟಿಗೆ ಬೆಸುಗೆ ಬೇಕಿಲ್ಲವಾದ್ದರಿಂದ ಅಲ್ಲಿ ದಪ್ಪ ಅಲ್ಯೂಮಿನಿಯಂ ಪ್ಲೇಟು ಒಪ್ಪುತ್ತದೆ. ಇಡೀ ಕೆಲಸದಲ್ಲಿ ಅತಿ ನಿಖರತೆ ಬೇಡುವ ಭಾಗ ಇದು. ಮೋಟಾರಿನ ಶಾಫ್ಟೂ ಗಿಯರ್‌ಬಾಕ್ಸಿನ ಇನ್‌ಪುಟ್ ಶಾಫ್ಟೂ ಒಂದೇ ಗೆರೆಯಲ್ಲಿರದಿದ್ದರೆ ಬೇರಿಂಗು ಮತ್ತು ಸ್ಪ್ಲೈನುಗಳು (ಶಾಫ್ಟಿನ ಮೇಲಿನ ಹಲ್ಲುಗಳು) ಬೇಗನೆ ಸವೆಯುತ್ತವೆ. ನಡುವಿನ ದೊಡ್ಡ ರಂಧ್ರವನ್ನೂ ಮೋಟಾರಿನ ಮುಖ ಕೂರುವ ಮೆಟ್ಟಿಲನ್ನೂ ಒಂದೇ ಹಿಡಿತದಲ್ಲಿ, ಪ್ಲೇಟನ್ನು ಚಕ್‌ನಿಂದ ಬಿಚ್ಚದೆ ಲೇತಿನಲ್ಲಿ ಮಾಡಿಸಿದೆ. ಬಳಿಕ ಮೋಟಾರಿನ ಶಾಫ್ಟಿಗೆ ಸೂಕ್ಷ್ಮ ಚಲನೆಯನ್ನು ಅಳೆಯುವ ಡಯಲ್ ಗೇಜು ಕಟ್ಟಿ, ಅದರ ಮೊನೆ ಬೆಲ್ ಹೌಸಿಂಗಿನ (ಗಿಯರ್‌ಬಾಕ್ಸಿನ ಮುಂದಿನ ಗಂಟೆಯಾಕಾರದ ಕವಚದ) ಒಳಸುತ್ತನ್ನು ಮುಟ್ಟುವಂತೆ ಮಾಡಿ, ಶಾಫ್ಟನ್ನು ಕೈಯಿಂದ ನಿಧಾನವಾಗಿ ಒಂದು ಸುತ್ತು ತಿರುಗಿಸಿದೆ. ಗೇಜು ತೋರಿಸುವ ಒಟ್ಟು ಓಟದ ಅರ್ಧದಷ್ಟು ಮಾತ್ರ ಕೇಂದ್ರಗಳ ನಡುವಿನ ನಿಜವಾದ ಅಂತರ ಎಂಬುದನ್ನು ನೆನಪಿಡಬೇಕು. ಆ ಅಂತರ 0.05 ಮಿ.ಮೀ. ಒಳಗೆ ಬರುವವರೆಗೂ ಪ್ಲೇಟನ್ನು ಸಣ್ಣ ಸುತ್ತಿಗೆಯಿಂದ ತಟ್ಟಿ ಸರಿಸಿ, ಬೋಲ್ಟು ಬಿಗಿದು, ಅದೇ ಸ್ಥಿತಿಯಲ್ಲಿ ಎರಡೂ ಭಾಗಗಳ ಮೂಲಕ ಕೊರೆದು ಡೋವೆಲ್ ಪಿನ್ನುಗಳನ್ನು ಕೂರಿಸಿದೆ. ಬೋಲ್ಟಿನ ಕೆಲಸ ಬಿಗಿ ಹಿಡಿಯುವುದು. ಬೋಲ್ಟಿನ ರಂಧ್ರದಲ್ಲಿ ಯಾವಾಗಲೂ ಸ್ವಲ್ಪ ಸಡಿಲವಿರುವುದರಿಂದ ಸ್ಥಾನ ಕಾಯುವ ಕೆಲಸ ಡೋವೆಲಿನದು.

ಬೆಸುಗೆಗೆ 0.8 ಮಿ.ಮೀ. ತಂತಿಯನ್ನೂ ಆರ್ಗಾನ್ ಮತ್ತು ಇಂಗಾಲದ ಡೈಆಕ್ಸೈಡ್ ಬೆರೆತ ಅನಿಲವನ್ನೂ ಬಳಸಿದೆ. ಬೆಸುಗೆ ತಣಿಯುವಾಗ ಕುಗ್ಗುತ್ತದೆ, ಕುಗ್ಗುತ್ತಾ ಲೋಹವನ್ನು ತನ್ನ ಕಡೆಗೆ ಎಳೆಯುತ್ತದೆ. ಆದ್ದರಿಂದ ಚೌಕಟ್ಟನ್ನು ಅಲುಗದಂತೆ ಹಿಡಿದಿಡುವ ದಪ್ಪ ಪ್ಲೇಟಿನ ಜಿಗ್ಗಿಗೆ ಬೋಲ್ಟಿನಿಂದ ಬಿಗಿದು, ಮೊದಲು ಎಲ್ಲ ಮೂಲೆಗಳಿಗೂ ಟ್ಯಾಕ್ (ಚುಕ್ಕೆಯಂಥ ಸಣ್ಣ ಬೆಸುಗೆ) ಹಾಕಿ, ಕರ್ಣಗಳನ್ನು ಅಳೆದು, ಅನಂತರ ಎದುರುಬದುರಾಗಿ 25 ರಿಂದ 30 ಮಿ.ಮೀ. ಉದ್ದದ ತುಂಡು ಬೆಸುಗೆಗಳನ್ನು ಹಾಕುತ್ತಾ ಹೋದೆ. ಪೂರ್ತಿ ತಣಿಯುವವರೆಗೂ ಜಿಗ್ಗಿನಿಂದ ಬಿಚ್ಚಲಿಲ್ಲ. ಅಸಲಿ ಭಾಗಕ್ಕೆ ಕೈ ಹಾಕುವ ಮೊದಲು ಅದೇ ದಪ್ಪದ ತುಂಡುಗಳನ್ನು ಬೆಸೆದು, ವೈಸಿನಲ್ಲಿ ಹಿಡಿದು, ಸುತ್ತಿಗೆಯಿಂದ ಬಾಗಿಸಿ ಮುರಿದು ನೋಡಿದೆ. ಬೆಸುಗೆಯ ಬುಡದಲ್ಲಿ ಲೋಹ ಕರಗಿ ಬೆರೆತಿದೆಯೋ, ಮೇಲೆ ಸುಮ್ಮನೆ ಕೂತಿದೆಯೋ ಎಂಬುದು ಮುರಿದ ಮುಖದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಹೊರಗಿನ ಅಂದದಿಂದ ಬೆಸುಗೆಯನ್ನು ಅಳೆಯಲಾಗದು. ಮಿಗ್ ಬೆಸುಗೆಯಲ್ಲಂತೂ ಅಂದವಾಗಿ ಕಾಣುವ ಗೆರೆಯ ಕೆಳಗೆ ಲೋಹ ಬೆರೆಯದೇ ಇರಬಹುದು. ಮುಗಿದ ಭಾಗಗಳ ಮೇಲೆ ಕೆಂಪು ಡೈ ಹಚ್ಚಿ, ಒರೆಸಿ, ಬಿಳಿಯ ಡೆವಲಪರ್ ಸಿಂಪಡಿಸಿ ಕೂದಲೆಳೆಯ ಬಿರುಕುಗಳಿಗಾಗಿ ಹುಡುಕಿದೆ.

ಒಡಲಿಗೆ ನೇರವಾಗಿ ಬೆಸೆಯಬೇಕಾದದ್ದು ರೈಲಿನ ಮೇಲಿನ ಬಲವರ್ಧಕ ಪ್ಲೇಟುಗಳನ್ನು ಮಾತ್ರ. ಅವನ್ನು ವಜ್ರಾಕೃತಿಯಲ್ಲಿ ಕತ್ತರಿಸಿದೆ. ಆಯತದ ಪ್ಲೇಟಿನ ಕೊನೆಯಲ್ಲಿ ರೈಲಿಗೆ ಅಡ್ಡಲಾಗಿ ಬೆಸುಗೆ ಬೀಳುತ್ತದೆ, ಗಟ್ಟಿಯಾದ ಭಾಗ ಥಟ್ಟನೆ ಮುಗಿದು ಮೆದುವಾದ ಭಾಗ ಶುರುವಾಗುವ ಆ ಗೆರೆಯ ಮೇಲೆಯೇ ರೈಲು ಬಿರಿಯುತ್ತದೆ. ಮೊನಚಾದ ತುದಿಯಿದ್ದರೆ ಭಾರ ಕ್ರಮೇಣ ಇಳಿಯುತ್ತದೆ. ಈ ಬೆಸುಗೆಗೆ ಮುನ್ನ ಪೆಟ್ರೋಲ್ ಟ್ಯಾಂಕನ್ನೂ ಇಂಧನದ ಪೈಪುಗಳನ್ನೂ ಕಾರಿನಿಂದ ಹೊರತೆಗೆದು ದೂರ ಇಟ್ಟಿದ್ದೆ. 12 ವೋಲ್ಟಿನ ಬ್ಯಾಟರಿಯ ಎರಡೂ ತುದಿಗಳನ್ನೂ ಎಲೆಕ್ಟ್ರಾನಿಕ್ ಘಟಕಗಳ ಪ್ಲಗ್ಗುಗಳನ್ನೂ ಬಿಚ್ಚಿದ್ದೆ, ಅರ್ತ್ ಕ್ಲಾಂಪನ್ನು ಬೆಸುಗೆಯ ಪಕ್ಕದಲ್ಲಿಯೇ ಹಾಕಿದ್ದೆ. ಹೊಸ ಬ್ಯಾಟರಿ ಆ ಹೊತ್ತಿಗೆ ಶೆಡ್ಡಿನಲ್ಲಿಯೇ ಇರಲಿಲ್ಲ. ಸತುವಿನ ಲೇಪವನ್ನು ಉಜ್ಜಿ ತೆಗೆಯದೆ ಬೆಸೆದರೆ ಏಳುವ ಬಿಳಿ ಹೊಗೆ ಜ್ವರ ತರಿಸುತ್ತದೆ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಒರೆಸಿದ ಜಾಗದಲ್ಲಿ ಆರ್ಕ್ ಹೊಡೆದರೆ ಫಾಸ್ಜೀನ್ ಎಂಬ ಮಾರಕ ಅನಿಲ ಹುಟ್ಟಬಹುದು. ಆ ಡಬ್ಬಿ ವೆಲ್ಡಿಂಗ್ ನಡೆಯುವ ಕಡೆ ಇರಲೇಬಾರದು. ಬೆಸುಗೆಯ ಹಿಂಬದಿಯಲ್ಲಿ ಸೀಲೆಂಟು ಅಥವಾ ಮೇಣ ಹೊತ್ತಿಕೊಳ್ಳಬಹುದಾದ್ದರಿಂದ ಅಗ್ನಿಶಾಮಕ ಹಿಡಿದ ಇನ್ನೊಬ್ಬರು ಹತ್ತಿರದಲ್ಲಿರಬೇಕು, ಕೆಲಸ ಮುಗಿದ ನಂತರವೂ ಸ್ವಲ್ಪ ಹೊತ್ತು ಕಾದು ನೋಡಬೇಕು.

ಹಿಂದಿನ ಪೆಟ್ಟಿಗೆ ಕೂರುವುದು ಒಂದು ಮಿಲಿಮೀಟರೂ ಇಲ್ಲದ ತೆಳು ನೆಲದ ಶೀಟಿನ ಮೇಲೆ. 8.8 ಬಲದರ್ಜೆಯ ಎಂ10 (10 ಮಿ.ಮೀ. ವ್ಯಾಸದ) ಬೋಲ್ಟೊಂದು ಶಾಶ್ವತವಾಗಿ ಹಿಗ್ಗದೆ ಸುಮಾರು 33,700 ನ್ಯೂಟನ್ ಎಳೆತವನ್ನು ತಡೆಯಬಲ್ಲದು. ಹಾಗಿರುವಾಗ ನಾಲ್ಕು ಬೋಲ್ಟು ಬೇಕಾದಷ್ಟಾಯಿತು ಎನಿಸುತ್ತದೆ. ಆದರೆ ಬೋಲ್ಟು ಮುರಿಯುವುದಕ್ಕೆ ಎಷ್ಟೋ ಮೊದಲು ವಾಷರಿನ ಸುತ್ತ ಶೀಟು ಹರಿದು ಬೋಲ್ಟೇ ಕಿತ್ತು ಬರುತ್ತದೆ. ಅದಕ್ಕಾಗಿ ನೆಲದ ಕೆಳಗೆ ಎರಡು ರೈಲುಗಳ ನಡುವೆ ಅಡ್ಡಪೈಪುಗಳನ್ನು ಹಾಯಿಸಿ, ಪೆಟ್ಟಿಗೆಯ ಬೋಲ್ಟುಗಳು ಶೀಟನ್ನು ದಾಟಿ ಆ ಪೈಪುಗಳನ್ನೇ ಹಿಡಿಯುವಂತೆ ಮಾಡಿದೆ. ಪೈಪು ತಲುಪದ ಕಡೆ 3 ಮಿ.ಮೀ. ದಪ್ಪದ ಅಗಲವಾದ ಪ್ಲೇಟುಗಳನ್ನು ಮೂಲೆ ದುಂಡಾಗಿಸಿ ಇಟ್ಟೆ. ಪೆಟ್ಟಿಗೆಯ ಒಳಮೈಗೆ ವಿದ್ಯುತ್ ಹರಿಯದ ಹಾಳೆ ಹೊದಿಸಿ, ಕೇಬಲ್ ಹೊರಬರುವ ರಂಧ್ರಗಳಿಗೆ ಕೇಬಲನ್ನು ಬಿಗಿಯಾಗಿ ಸುತ್ತಿ ಹಿಡಿಯುವ ಗ್ಲ್ಯಾಂಡು ಹಾಕಿದೆ.

ಬಣ್ಣಕ್ಕೆ ಮೊದಲು ಎಲ್ಲ ಭಾಗಗಳನ್ನೂ ಕಾರಿನಲ್ಲಿ ಒಮ್ಮೆ ಪೂರ್ತಿ ಜೋಡಿಸಿ, ಸ್ಟೀರಿಂಗ್ ಎರಡೂ ಕೊನೆಗೆ ತಿರುಗಿಸಿ, ಸಸ್ಪೆನ್ಷನ್ ಪೂರ್ತಿ ಇಳಿಸಿ ಏರಿಸಿ, ಯಾವುದೂ ತಾಗುವುದಿಲ್ಲವೆಂದು ಖಚಿತಪಡಿಸಿಕೊಂಡೆ. ಆಮೇಲೆ ಬಿಚ್ಚಿ ಸತುವಿನ ಪ್ರೈಮರ್, ಅದರ ಮೇಲೆ ಎಪಾಕ್ಸಿ ಬಣ್ಣ ಹಚ್ಚಿದೆ. ಪೈಪಿನ ಒಳಕ್ಕೆ ಮೇಣ ಸಿಂಪಡಿಸಿ, ನೀರು ನಿಲ್ಲದಂತೆ ಕೆಳಮುಖದ ಕೊನೆಯಲ್ಲಿ ಸಣ್ಣ ರಂಧ್ರ ಬಿಟ್ಟೆ. ಅಲ್ಯೂಮಿನಿಯಂ ಉಕ್ಕನ್ನು ಮುಟ್ಟುವ ಕಡೆ ತೇವ ಸೇರಿದರೆ ಅಲ್ಯೂಮಿನಿಯಂ ಕೊರೆದುಹೋಗುವುದರಿಂದ ನಡುವೆ ಬಣ್ಣದ ಪದರವೋ ಪ್ಲಾಸ್ಟಿಕ್ ವಾಷರೋ ಇರಲೇಬೇಕು. ಬೋಲ್ಟುಗಳನ್ನೆಲ್ಲ ಟಾರ್ಕ್ ರೆಂಚಿನಿಂದ ಬಿಗಿದು, ತಲೆಯಿಂದ ಬ್ರಾಕೆಟ್ಟಿನವರೆಗೆ ಬಿಳಿ ಬಣ್ಣದ ಒಂದು ಗೆರೆ ಎಳೆದೆ. ಬೋಲ್ಟು ಸ್ವಲ್ಪ ತಿರುಗಿದರೂ ಗೆರೆ ಒಡೆದು ಕಾಣುತ್ತದೆ. ಮೊದಲ ಕೆಲವು ಓಟಗಳ ನಂತರ ಕಾರನ್ನು ಎತ್ತಿ ಈ ಗೆರೆಗಳನ್ನೂ, ಬೆಸುಗೆಗಳ ತುದಿಗಳನ್ನೂ, ವಜ್ರಾಕೃತಿಯ ಪ್ಲೇಟುಗಳ ಮೊನೆಯ ಬಳಿ ಬಣ್ಣ ಬಿರಿದಿದೆಯೇ ಎಂಬುದನ್ನೂ ಟಾರ್ಚು ಹಿಡಿದು ನೋಡಿದೆ. ಈಗಲೂ ಟೈರು ಬದಲಿಸಲು ಕಾರು ಎತ್ತಿದಾಗಲೆಲ್ಲ ಅದೇ ಜಾಗಗಳನ್ನು ಅದೇ ಕ್ರಮದಲ್ಲಿ ನೋಡುತ್ತೇನೆ.